ಬಿ.ಎಸ್ಸಿ. ಬಾಟನಿ ಮುಗಿಯಿತು, ಬೆಂಗಳೂರಲ್ಲಿ ಎಂ.ಎಸ್ಸಿ. ಯಾವುದಕ್ಕೆ ಸೇರಲಿ?

ಸಂಪಿಗೆ_ನೆರಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಕುಣಿಗಲ್ ಕಡೆಯವಳು. ನಾಗರಬಾವಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಬಿ.ಎಸ್ಸಿ. ಓದಿದೆ. ಬಾಟನಿ, ಕೆಮಿಸ್ಟ್ರಿ ಕಾಂಬಿನೇಷನ್. ಕೊನೆ ಸೆಮಿಸ್ಟರ್ ಪರೀಕ್ಷೆ ಕಳೆದ ವಾರ ಮುಗಿಯಿತು. ಇಲ್ಲಿಯವರೆಗೆ ಶೇ. 74 ಇದೆ.

ಮುಂದೆ ಗಿಡಗಳ ಬಗ್ಗೆಯೇ ಓದಬೇಕು ಅಂತ ಆಸೆ. ಅದಕ್ಕೊಂದು ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮ ಹೊಲದಲ್ಲಿ ರಾಗಿ ಚೆನ್ನಾಗಿ ತೆನೆ ಬಿಟ್ಟಿತ್ತು. ಹತ್ತು ದಿನ ಬಿಟ್ಟು ಊರಿಗೆ ಹೋದರೆ ಅರ್ಧ ಹೊಲದ ತೆನೆ ಬಗ್ಗಿ ನಿಂತಿದೆ. ಕಾಳು ತುಂಬಿ ಬಗ್ಗಿದೆ ಅಂದುಕೊಂಡೆ. ಮುಟ್ಟಿ ನೋಡಿದರೆ ಕುತ್ತಿಗೆ ಕಪ್ಪಾಗಿತ್ತು. ಉಜ್ಜಿದರೆ ಬರೀ ಹೊಟ್ಟು. ಅಪ್ಪ "ಬೆಂಕಿ ರೋಗ ಕಣಮ್ಮ" ಅಂದರು, ಅಷ್ಟೆ. ಕಾಲೇಜಿಗೆ ವಾಪಸ್ ಬಂದು ಪುಸ್ತಕ ತೆಗೆದರೆ ಅದು ಪೈರಿಕ್ಯುಲೇರಿಯಾ ಅನ್ನೋ ಶಿಲೀಂಧ್ರ. ನಾನೇ ಆ ಹೆಸರನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ! ನಮ್ಮ ಹೊಲದಲ್ಲಿ ಇದ್ದಿದ್ದೂ ಅದೇ ಅಂತ ಹೊಳೆದಿರಲಿಲ್ಲ. ಅವತ್ತಿಂದ ಇದನ್ನೇ ಓದಬೇಕು ಅನ್ನಿಸಿದೆ.

ಅಪ್ಪ ಬಿ.ಎಡ್. ಮಾಡು ಅಂತಾರೆ. ಚಿಕ್ಕಪ್ಪ ಎಂ.ಸಿ.ಎ. ಮಾಡು, ಬಾಟನಿಗೆ ಯಾರು ಕೆಲಸ ಕೊಡ್ತಾರೆ ಅಂತಾರೆ. ಬೆಂಗಳೂರು ವಿವಿಯ ಜ್ಞಾನಭಾರತಿ ಕ್ಯಾಂಪಸ್‌ನಲ್ಲಿ ಬಾಟನಿ ಮಾಡಲಾ, ಬಯೋಟೆಕ್‌ಗೆ ಹೋಗಲಾ, ಕೃಷಿ ವಿವಿಯ ಜಿಕೆವಿಕೆಗೆ ಪ್ರಯತ್ನ ಮಾಡಲಾ? ಓದಿದವರು ಹೇಳಿ.

ರಾಗಿ_ಕಣಜ
ತಂಗಿ, ನೇರ ಜಿಕೆವಿಕೆಗೆ ಬಾ. ರಾಗಿ ಮೇಲೆ ಕೆಲಸ ಮಾಡಬೇಕು ಅಂದ್ರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ಅನ್ನೋ ರಾಗಿ ತಳಿಗಳನ್ನು ಕೊಟ್ಟಿದ್ದು ಇದೇ ವಿಶ್ವವಿದ್ಯಾನಿಲಯದಿಂದ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಮಾಡಿದ್ದಕ್ಕೇ ಇಂಡಾಫ್ ಅಂತ ಹೆಸರು. ಬೆಂಕಿ ರೋಗ ತಡೆಯೋ ಜಿಪಿಯು-28 ತಳಿ ಕೂಡ ಇಲ್ಲಿಯದೇ. ನಿಮ್ಮ ಅಪ್ಪ ಯಾವ ತಳಿ ಹಾಕಿದ್ರು?

ಸಂಪಿಗೆ_ನೆರಳು
ಮನೆ ಬೀಜ ಅಣ್ಣ. ತಾತನ ಕಾಲದಿಂದ ಇಟ್ಟುಕೊಂಡು ಬಂದಿದ್ದು. ಹೆಸರು ಗೊತ್ತಿಲ್ಲ.

ಹೆಬ್ಬಾಳ_ಕೆರೆ_ಏರಿ
@ರಾಗಿ_ಕಣಜ ಪೂರ್ತಿ ವಿಷಯ ಹೇಳಿ ಗುರುಗಳೇ, ಮಗು ಆಸೆ ಇಟ್ಟುಕೊಂಡು ಕೂತುಬಿಡುತ್ತೆ. ಜಿಕೆವಿಕೆಯಲ್ಲಿ ಸಸ್ಯ ತಳಿ ಅಭಿವೃದ್ಧಿ, ಸಸ್ಯ ರೋಗಶಾಸ್ತ್ರ ಇವೆಲ್ಲ ಎಂ.ಎಸ್ಸಿ. (ಕೃಷಿ). ಅದಕ್ಕೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಓದಿರಬೇಕು. ಮೂರು ವರ್ಷದ ಬಾಟನಿ ಪದವಿ ಇಟ್ಟುಕೊಂಡು ರೋಗಶಾಸ್ತ್ರಕ್ಕೆ ಅರ್ಜಿ ಹಾಕಿದರೆ ಪರಿಶೀಲನೆಯಲ್ಲೇ ಬಿದ್ದುಹೋಗುತ್ತೆ. ಪ್ರತಿ ವರ್ಷ ಎಷ್ಟೋ ಮಕ್ಕಳು ಅರ್ಜಿ ಶುಲ್ಕ ಕಟ್ಟಿ ಕಳೆದುಕೊಳ್ಳುತ್ತಾರೆ. ಕೃಷಿ ವಿವಿಗಳಲ್ಲಿ ಬೇರೆ ಪದವಿಯವರನ್ನು ತೆಗೆದುಕೊಳ್ಳುವ ವಿಷಯಗಳು ಬಹಳ ಕಡಿಮೆ. ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಅರ್ಹತೆಯ ಕೋಷ್ಟಕ ಓದದೆ ದುಡ್ಡು ಕಟ್ಟಬೇಡಮ್ಮ.

ರಾಗಿ_ಕಣಜ
ಹೌದು, ಅದು ನನ್ನ ತಪ್ಪು. ಬಿ.ಎಸ್ಸಿ. ಅಂತ ಓದಿ ಕೃಷಿ ಬಿ.ಎಸ್ಸಿ. ಅಂದುಕೊಂಡೆ. ಕ್ಷಮಿಸು ತಂಗಿ. ಆದರೆ ದಾರಿ ಮುಚ್ಚಿಲ್ಲ. ನಮ್ಮ ರಾಗಿ ಪ್ರಾಜೆಕ್ಟ್‌ನಲ್ಲೇ ಬಾಟನಿ ಎಂ.ಎಸ್ಸಿ. ಮಾಡಿದ ಇಬ್ಬರು ಕೆಲಸ ಮಾಡುತ್ತಿದ್ದಾರೆ. ಪ್ರಾಜೆಕ್ಟ್ ಅಸಿಸ್ಟೆಂಟ್, ರಿಸರ್ಚ್ ಫೆಲೋ ಹುದ್ದೆಗಳಿಗೆ ಬಾಟನಿಯವರನ್ನೂ ಕರೀತಾರೆ.

ಮೇಷ್ಟ್ರು_ಮಾಗಡಿ
ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಿಮ್ಮ ತಂದೆ ಹೇಳೋದನ್ನು ತಳ್ಳಿಹಾಕಬೇಡಮ್ಮ. ಆದರೆ ಅವರಿಗೆ ಒಂದು ವಿಷಯ ಗೊತ್ತಿದ್ದಂತಿಲ್ಲ. ಪಿಯು ಉಪನ್ಯಾಸಕರ ಹುದ್ದೆಗೆ ಬರೀ ಬಿ.ಎಡ್. ಸಾಲದು. ಎಂ.ಎಸ್ಸಿ. ಜೊತೆಗೆ ಬಿ.ಎಡ್. ಬೇಕು. ಅಂದ ಮೇಲೆ ಎಂ.ಎಸ್ಸಿ. ಮಾಡಿದರೆ ಅವರ ಮಾತೂ ನಡೆಯುತ್ತೆ, ನಿನ್ನ ಆಸೆಯೂ ಉಳಿಯುತ್ತೆ. ಮನೆಯಲ್ಲಿ ಹೀಗೆ ಹೇಳಿ ನೋಡು.

ಇನ್ನೊಂದು ಮಾತು. ನೀಟ್ ಪರೀಕ್ಷೆಯಲ್ಲಿ 720 ಅಂಕಕ್ಕೆ 360 ಜೀವಶಾಸ್ತ್ರದ್ದು. ಬಾಟನಿ ಚೆನ್ನಾಗಿ ಹೇಳಿಕೊಡುವವರಿಗೆ ಬೆಂಗಳೂರಿನಲ್ಲಿ ಕೆಲಸ ಇಲ್ಲ ಅನ್ನೋದು ಸುಳ್ಳು.

ಜಾಲಹಳ್ಳಿ_ಹುಡುಗಿ
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಅವಳು ರಾಗಿ ರೋಗದ ಬಗ್ಗೆ ಕೇಳಿದರೆ ನೀವು ನೀಟ್ ಕೋಚಿಂಗ್ ಹೇಳ್ತಿದ್ದೀರಿ. ಹುಡುಗಿ ಏನೇ ಓದಿದರೂ ಕೊನೆಗೆ ಟೀಚರ್ ಆಗು ಅಂತಲೇ ಯಾಕೆ ಹೇಳೋದು? ನಮ್ಮ ಮನೆಯಲ್ಲೂ ಹೀಗೇ. ಅಣ್ಣನಿಗೆ ಯಾರೂ ಬಿ.ಎಡ್. ಮಾಡು ಅನ್ನಲಿಲ್ಲ.

ಮೇಷ್ಟ್ರು_ಮಾಗಡಿ
ನೀನು ಹೇಳೋದು ನಿಜ ಮಗಳೇ. ನಾನು ಊಟಕ್ಕೆ ದಾರಿ ತೋರಿಸಿದೆ, ಅವಳ ಆಸೆ ಬೇರೆ ಇದೆ. ಎರಡೂ ಇರಲಿ ಅಂತ ಹೇಳಿದ್ದು. ನನ್ನ ಕ್ಲಾಸಿನಲ್ಲಿ ಗಿಡ ನೋಡಿ ಕಣ್ಣರಳಿಸಿದ ಹೆಣ್ಣುಮಕ್ಕಳೇ ಜಾಸ್ತಿ. ಅವರಲ್ಲಿ ಮುಂದೆ ಓದಿದವರು ಬೆರಳೆಣಿಕೆ. ಆ ಬೇಜಾರು ನನಗೂ ಇದೆ.

ಕೋಡ್_ಬರೆಯೋ_ಕುಮಾರ
ಎಂ.ಸಿ.ಎ. ಮಾಡಿ ಸಿಸ್ಟರ್. ಚಿಕ್ಕಪ್ಪ ಹೇಳಿದ್ದು ಸರಿ.

ಜಾಲಹಳ್ಳಿ_ಹುಡುಗಿ
ಅವರು ಅದನ್ನು ಕೇಳಲೇ ಇಲ್ಲ ಅಲ್ವಾ?

ಬಿತ್ತನೆ_ಬೀಜ
ನಾನು ರಾಣೆಬೆನ್ನೂರಿನವನು. ಈಗ ಬೆಂಗಳೂರಲ್ಲಿ ಒಂದು ಬೀಜದ ಕಂಪನಿಯಲ್ಲಿ ತರಕಾರಿ ತಳಿ ವಿಭಾಗದಲ್ಲಿದ್ದೇನೆ. ಕೆಲಸ ಯಾರು ಕೊಡ್ತಾರೆ ಅನ್ನೋ ಮಾತಿಗೆ ನನ್ನ ಉತ್ತರ.

ನಮ್ಮ ಕಡೆ ಹೈಬ್ರಿಡ್ ಬೀಜ ಮಾಡೋದು ಮನೆಮನೆ ಕೆಲಸ. ನಮ್ಮವ್ವ ಇಪ್ಪತ್ತು ವರ್ಷ ಟೊಮ್ಯಾಟೊ ಕ್ರಾಸಿಂಗ್ ಮಾಡಿದ್ದಾಳೆ. ಸಂಜೆ ಹೊತ್ತು ನಾಳೆ ಅರಳುವ ಮೊಗ್ಗು ಯಾವುದು ಅಂತ ಕಣ್ಣಲ್ಲೇ ಅಳೆದು, ಚಿಮಟದಿಂದ ಹಳದಿ ಕೇಸರದ ಗೂಡನ್ನು ಮಾತ್ರ ಕಿತ್ತು ತೆಗೀಬೇಕು. ಒಳಗಿನ ಶಲಾಕೆ, ಅಂದರೆ ಹೆಣ್ಣು ಭಾಗದ ಕಡ್ಡಿ, ಕೂದಲೆಳೆಯಷ್ಟು ಸಣ್ಣ, ಅದಕ್ಕೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗ ಬೆರಳಿನ ಉಂಗುರದ ಬಟ್ಟಲಿಗೆ ತುಂಬಿಕೊಂಡು, ಒಂದೊಂದೇ ಹೂವಿನ ತುದಿ ಅದರಲ್ಲಿ ಅದ್ದೋದು. ಆದ ಹೂವಿಗೆ ಗುರುತಿಗೆ ಪುಷ್ಪಪತ್ರದ (ಹೂವಿನ ಬುಡದ ಹಸಿರು ಎಸಳು) ತುದಿ ಕತ್ತರಿಸೋದು. ಕಾಯಿ ಹಣ್ಣಾದ ಮೇಲೆ ಆ ಗುರುತು ಇದ್ದರೆ ಮಾತ್ರ ಹೈಬ್ರಿಡ್ ಬೀಜಕ್ಕೆ, ಇಲ್ಲದಿದ್ದರೆ ಬೇರೆ ಬುಟ್ಟಿಗೆ.

ಈಗ ನನ್ನ ತಂಡಕ್ಕೆ ಎಂ.ಎಸ್ಸಿ. ಮಾಡಿದವರು ಸಂದರ್ಶನಕ್ಕೆ ಬರುತ್ತಾರೆ. ಮೆಂಡಲ್ ಅನುಪಾತ ಪಟಪಟ ಹೇಳುತ್ತಾರೆ. ಚಿಮಟ ಕೈಗೆ ಕೊಟ್ಟರೆ ಹತ್ತರಲ್ಲಿ ಏಳು ಹೂವು ಹಾಳು ಮಾಡುತ್ತಾರೆ. ಕೈ ಕೂತವರು ಸಿಕ್ಕರೆ ನಾವು ಬಿಡೋದಿಲ್ಲ. ಪದವಿ ಬಾಟನಿಯಾ ಕೃಷಿಯಾ ಅಂತ ಅಷ್ಟಾಗಿ ನೋಡೋದಿಲ್ಲ. ಅದಕ್ಕೇ ಹೇಳ್ತೀನಿ, ಎಲ್ಲಿಗಾದರೂ ಸೇರು. ಆ ಎರಡು ವರ್ಷದಲ್ಲಿ ನಿನ್ನ ಕೈಗೆ ಏನು ಕಲಿಸುತ್ತಾರೆ ಅಂತ ಮೊದಲೇ ಕೇಳಿಕೊಂಡು ಸೇರು.

ರಾಗಿ_ಕಣಜ
ಟೊಮ್ಯಾಟೊ ಪುಣ್ಯ ಮಾಡಿದೆ ಸರ್. ರಾಗಿ ಹೂವು ನೋಡಿದ್ದೀರಾ? ಚಿಮಟ ಹೋಗೋದೇ ಕಷ್ಟ. ಅದಕ್ಕೇ ತೆನೆಯನ್ನು ಸುಮಾರು 50 ಡಿಗ್ರಿ ಬಿಸಿನೀರಲ್ಲಿ ಕೆಲವೇ ನಿಮಿಷ ಅದ್ದಿ ಪರಾಗ ಸಾಯಿಸುವ ವಿಧಾನ ಇದೆ. ಬಿಸಿ ಸ್ವಲ್ಪ ಜಾಸ್ತಿಯಾದರೆ ಹೆಣ್ಣು ಭಾಗವೂ ಬೆಂದುಹೋಗುತ್ತೆ. ಥರ್ಮಾಸ್ ಫ್ಲಾಸ್ಕ್ ಹಿಡಿದು ಬೆಳಗಿನ ಜಾವ ಪ್ಲಾಟ್‌ನಲ್ಲಿ ಓಡಾಡಿದ್ದು ನೆನಪಾಯಿತು. ಇಂಥ ಹೂವಿನಲ್ಲಿ ಅಷ್ಟು ವರ್ಷದ ಹಿಂದೆ ಕ್ರಾಸ್ ಮಾಡಿದರಲ್ಲ, ಲಕ್ಷ್ಮಣಯ್ಯನವರಿಗೆ ಕೈ ಮುಗೀಬೇಕು.

ಅಜ್ಜಿ_ತೋಟ
ಓದ್ತಾ ಓದ್ತಾ ನಮ್ಮ ಮನೆ ಮುದ್ದೆ ತಣ್ಣಗಾಯಿತು. ಚೆನ್ನಾಗಿ ಹೇಳ್ತಿದ್ದೀರ ಎಲ್ಲರೂ.

ಲ್ಯಾಬ್_ಕೋಟು
ಬಯೋಟೆಕ್ ಬಗ್ಗೆ ಕೇಳಿದ್ರಿ. ನಾನು ಎಂ.ಎಸ್ಸಿ. ಬಯೋಟೆಕ್ ಮುಗಿಸಿ ನಗರದ ಹೊರಗಿನ ಒಂದು ಟಿಶ್ಯೂ ಕಲ್ಚರ್ ಲ್ಯಾಬ್‌ಗೆ (ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡೋ ಕಡೆ) ಸೇರಿದೆ. ಹೆಸರು ಬೇಡ. ಬಾಳೆ ಸಸಿ ಮಾಡೋ ಕೆಲಸ. ಗೆಡ್ಡೆಯ ತುದಿ ಕತ್ತರಿಸಿದ ತಕ್ಷಣ ಆ ಜಾಗ ಕಪ್ಪಾಗುತ್ತೆ, ಅದನ್ನು ಮತ್ತೆ ಕೆರೆದು ಬಾಟಲಿಗೆ ಹಾಕಬೇಕು. ನನಗೆ ಆಟೋಕ್ಲೇವ್ (ಬಿಸಿ ಆವಿಯಲ್ಲಿ ಸೂಕ್ಷ್ಮಜೀವಿ ಸಾಯಿಸೋ ಯಂತ್ರ) ಅಂದರೆ 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ ಅಂತ ಗೊತ್ತಿತ್ತು. ಕಾಲೇಜಲ್ಲಿ ಮುಟ್ಟಿದ್ದು ಒಂದೇ ಸಲ, ಅದೂ ಹತ್ತು ಜನ ಸುತ್ತ ನಿಂತು. ಮೊದಲ ತಿಂಗಳು ನಾನು ಮಾಡಿದ ಒಂದು ಬ್ಯಾಚ್ ಪೂರ್ತಿ ಬೂಷ್ಟು ಹಿಡಿಯಿತು. ಬೆಳಿಗ್ಗೆ ಗ್ರೋತ್ ರೂಮಿನ ಬಾಗಿಲು ತೆಗೆದರೆ ಸಾಲು ಸಾಲು ಬಾಟಲಿಯಲ್ಲಿ ಬಿಳಿ ಹತ್ತಿ. ಅವತ್ತು ಅತ್ತಿದ್ದೆ. ಬ್ಲೇಡು ಉರಿಯಲ್ಲಿ ಹಿಡಿದ ಮೇಲೆ ಪೂರ್ತಿ ಆರಲು ಬಿಡದೆ, ಅವಸರಕ್ಕೆ ಹೊರಗಿನ ತಟ್ಟೆಗೆ ತಾಗಿಸುತ್ತಿದ್ದೆ. ಅಲ್ಲಿ ಆರು ವರ್ಷದಿಂದ ಇದ್ದ ಒಬ್ಬ ಅಕ್ಕ ಅದನ್ನು ತೋರಿಸಿಕೊಟ್ಟರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

ಶುರುವಿನಲ್ಲಿ ಸಂಬಳ ಕಡಿಮೆ, ಅದನ್ನು ಮುಚ್ಚಿಡಲ್ಲ. ಪಿಜಿ ಬಾಡಿಗೆ ಕಟ್ಟಿದರೆ ಏನೂ ಉಳಿಯುತ್ತಿರಲಿಲ್ಲ. ಬಯೋಟೆಕ್ ಅನ್ನೋ ಹೆಸರಿನಿಂದ ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ. ಹೆಸರು ನೋಡಿ ಹೋಗಬೇಡಿ.

ಹಳೇ_ಹಾಸ್ಟೆಲ್
ಜ್ಞಾನಭಾರತಿ ಬಗ್ಗೆ ನಾನು ಹೇಳ್ತೀನಿ, ಅಲ್ಲೇ ಬಾಟನಿ ಮಾಡಿದ್ದು. ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಾಗರಬಾವಿಯಿಂದ ನಿಮಗೆ ಹತ್ತಿರ, ಹಾಸ್ಟೆಲ್ ಖರ್ಚೂ ಇಲ್ಲ. ಕ್ಯಾಂಪಸ್ಸೇ ಒಂದು ಕಾಡು, ಮಳೆಗಾಲದಲ್ಲಿ ಟ್ಯಾಕ್ಸಾನಮಿ (ಗಿಡ ಗುರುತಿಸಿ ವರ್ಗ ಮಾಡೋದು) ಕ್ಲಾಸ್ ಅಲ್ಲೇ ಹೊರಗೆ ನಡೆಯುತ್ತಿತ್ತು. ಟ್ಯಾಕ್ಸಾನಮಿ, ಫಿಸಿಯಾಲಜಿ, ಮಾಲಿಕ್ಯುಲರ್ ಬಯಾಲಜಿ, ಪ್ಲಾಂಟ್ ಪ್ಯಾಥಾಲಜಿ (ಸಸ್ಯ ರೋಗಶಾಸ್ತ್ರ) ಎಲ್ಲ ಇರುತ್ತೆ. ನಿಮ್ಮ ರಾಗಿ ರೋಗಕ್ಕೆ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಅಲ್ಲಿ ಮಾಡಬಹುದು. ಅರ್ಜಿ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಬೆಂಗಳೂರು ವಿವಿ 2017ರಲ್ಲಿ ಮೂರು ಭಾಗ ಆಯಿತಲ್ಲ, ಹಾಗಾಗಿ ನಗರ ವಿವಿ, ಉತ್ತರ ವಿವಿಗೂ ಕಣ್ಣು ಹಾಕಿ. ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ.

ಮೈಸೂರು_ವೀಳ್ಯ
ಬರೀ ಬೆಂಗಳೂರೇ ಯಾಕೆ? ಹೈದರಾಬಾದ್ ಕೇಂದ್ರೀಯ ವಿವಿಯಲ್ಲಿ ಪ್ಲಾಂಟ್ ಸೈನ್ಸಸ್ ಅನ್ನೋ ವಿಭಾಗವೇ ಇದೆ. ಕಾಸರಗೋಡಿನ ಕೇಂದ್ರೀಯ ವಿವಿಯಲ್ಲೂ ಇದೆ. ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದರೆ ಆಯಿತು, ಫೀಸು ಕಡಿಮೆ.

ಹಳೇ_ಹಾಸ್ಟೆಲ್
ಸಿಯುಇಟಿ ಪಿಜಿ ಮಾರ್ಚ್‌ನಲ್ಲೇ ನಡೆದುಹೋಯಿತು ಸ್ವಾಮಿ. ಅವರು ಬರೆದಿಲ್ಲ ಅಂತ ಕಾಣುತ್ತೆ.

ಸಂಪಿಗೆ_ನೆರಳು
ಇಲ್ಲ ಸರ್, ಬರೆದಿಲ್ಲ. ಅಂಥದ್ದೊಂದು ಪರೀಕ್ಷೆ ಇದೆ ಅಂತ ಈಗಲೇ ಗೊತ್ತಾಗಿದ್ದು. ನಮ್ಮ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ.

ಜಾಲಹಳ್ಳಿ_ಹುಡುಗಿ
ಇದೇ ನನಗೆ ಸಿಟ್ಟು ಬರಿಸೋದು. ಮೂರು ವರ್ಷ ಕಾಲೇಜಿನಲ್ಲಿ ಕೂರಿಸಿಕೊಂಡು ಜಾಮ್ (ಐಐಟಿಗಳು ನಡೆಸೋ ಎಂ.ಎಸ್ಸಿ. ಪ್ರವೇಶ ಪರೀಕ್ಷೆ), ಸಿಯುಇಟಿ ಅಂತ ಒಂದು ಮಾತು ಹೇಳಲ್ಲ. ನನಗೂ ಹೀಗೇ ಆಯಿತು. ಜಾಮ್ ಬರೆದರೆ ಬಿ.ಎಸ್ಸಿ. ಆದ ಮೇಲೆ ನೇರವಾಗಿ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ (ಎಂ.ಎಸ್ಸಿ., ಪಿಎಚ್.ಡಿ. ಒಟ್ಟಿಗೆ) ಪ್ರಯತ್ನ ಮಾಡಬಹುದು. ಸಾಲದ ಬಡ್ಡಿ ಇಲ್ಲ, ಡೊನೇಷನ್ ಇಲ್ಲ, ತಿಂಗಳು ತಿಂಗಳು ಅವರೇ ದುಡ್ಡು ಕೊಡುತ್ತಾರೆ. ನಾನು ಇದನ್ನು ತಿಳಿದುಕೊಂಡಿದ್ದು ಎಂ.ಎಸ್ಸಿ. ಎರಡನೇ ವರ್ಷದಲ್ಲಿ. ಯಶವಂತಪುರದ ಹತ್ತಿರ ಮನೆ, ದಿನಾ ಆ ಗೇಟಿನ ಮುಂದೆಯೇ ಬಸ್ಸಲ್ಲಿ ಹೋಗುತ್ತಿದ್ದೆ!

ಹೆಬ್ಬಾಳ_ಕೆರೆ_ಏರಿ
ಈ ವರ್ಷಕ್ಕೆ ಅದು ಹೋಯಿತು, ಬಿಡಿ. ಸಂಪಿಗೆ ಅವರೇ, ಮುಂದಿನದಕ್ಕೆ ಈಗಲೇ ಮನಸ್ಸು ಮಾಡಿ. ಎಂ.ಎಸ್ಸಿ. ಮೊದಲ ವರ್ಷದಿಂದಲೇ ಸಿಎಸ್‌ಐಆರ್ ನೆಟ್‌ಗೆ, ಅಂದರೆ ಸಂಶೋಧನೆಗೂ ಕಾಲೇಜು ಪಾಠಕ್ಕೂ ಅರ್ಹತೆ ಕೊಡೋ ಪರೀಕ್ಷೆಗೆ ಓದಿ. ಲೈಫ್ ಸೈನ್ಸಸ್ ಪತ್ರಿಕೆ 200 ಅಂಕ, ಮೂರು ಗಂಟೆ. ಬಾಟನಿ ಮಾತ್ರ ಓದಿದರೆ ಆಗಲ್ಲ, ಪ್ರಾಣಿ, ಜೀವಕೋಶ, ವಿಕಾಸ, ಪರಿಸರ ಎಲ್ಲ ಬರುತ್ತೆ. ಮೂರನೇ ಭಾಗದಲ್ಲಿ 75 ಪ್ರಶ್ನೆ ಕೊಟ್ಟು 25ಕ್ಕೆ ಉತ್ತರ ಬರೀರಿ ಅಂತಾರೆ, ಆ ಭಾಗವೇ ತಲೆ ತಿನ್ನೋದು. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000. ಅಪ್ಪನಿಗೆ ಆ ಅಂಕಿ ಹೇಳಿ, ಚಿಕ್ಕಪ್ಪನಿಗೂ ಹೇಳಿ.

ಮೇಷ್ಟ್ರು_ಮಾಗಡಿ
ಕೆಸೆಟ್ ಕೂಡ ಬರೆಯಲಿ. ಪಾಸಾದರೆ ನಮ್ಮ ರಾಜ್ಯದ ಡಿಗ್ರಿ ಕಾಲೇಜುಗಳಿಗೆ ಸಹಾಯಕ ಪ್ರಾಧ್ಯಾಪಕಿ ಆಗೋ ಅರ್ಹತೆ ಬರುತ್ತೆ.

ಕಾಡುಹಾದಿ
ಯಾರೂ ಅರಣ್ಯ ಸೇವೆ ಹೇಳಲಿಲ್ಲ. ಆದರೆ ಅದಕ್ಕೆ ಫಾರೆಸ್ಟ್ರಿ ಓದಿರಬೇಕು ಅನ್ನಿಸುತ್ತೆ.

ಹೆಬ್ಬಾಳ_ಕೆರೆ_ಏರಿ
ಇಲ್ಲ. ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಗೆ ಪದವಿಯಲ್ಲಿ ಬಾಟನಿ ಒಂದು ವಿಷಯವಾಗಿ ಇದ್ದರೆ ಸಾಕು. ಕೆಮಿಸ್ಟ್ರಿ ಇದ್ದರೂ ಆಗುತ್ತೆ. ಇವರ ಹತ್ತಿರ ಎರಡೂ ಇದೆ. ಮುಖ್ಯ ಪರೀಕ್ಷೆಗೆ ಬಾಟನಿಯನ್ನೇ ಐಚ್ಛಿಕ ವಿಷಯ ತೆಗೆದುಕೊಳ್ಳಬಹುದು.

ಕಾಡುಹಾದಿ
ಓ, ಹಾಗಾದರೆ ನಾನೂ ಬರೀಬಹುದು. ಥ್ಯಾಂಕ್ಸ್ ಸರ್.

ಒಣಹೂವು
ನನ್ನ ಕೆಲಸ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ. ಗಿಡ ಗುರುತಿಸುವವರ ಬಗ್ಗೆ ಇಲ್ಲಿ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೀತಿದ್ದೇನೆ.

ಎಲ್ಲರಿಗೂ ಡಿಎನ್‌ಎ ಬೇಕು. ಆ ಡಿಎನ್‌ಎ ಯಾವ ಗಿಡದ್ದು ಅಂತ ಹೇಳೋರು ಕಡಿಮೆಯಾಗುತ್ತಿದ್ದಾರೆ. ಔಷಧಿ ಕಂಪನಿಗೆ ಬರುವ ಒಣ ಬೇರು ನಿಜವಾಗಿ ಯಾವುದು? ಅಶೋಕದ ತೊಗಟೆ ಅಂತ ಚೀಲದ ಮೇಲೆ ಬರೆದಿರುತ್ತೆ, ಒಳಗೆ ಬೇರೆ ಮರದ್ದು ಇರುತ್ತೆ. ಇದನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ಹೇಳೋರಿಗೆ ಕೆಲಸ ಇದೆ. ಯಲಹಂಕದ ಹತ್ತಿರ ಎಫ್‌ಆರ್‌ಎಲ್‌ಎಚ್‌ಟಿ ಅನ್ನೋ ಸಂಸ್ಥೆಯಲ್ಲಿ ಔಷಧಿ ಗಿಡಗಳದ್ದೇ ದೊಡ್ಡ ಹರ್ಬೇರಿಯಂ ಇದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಸಂಸ್ಥೆಯಲ್ಲಿ ಒಂದು ತುಂಡು ಮರ ಕೊಟ್ಟರೆ ಯಾವ ಜಾತಿ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಐಐಎಸ್‌ಸಿಯ ಹರ್ಬೇರಿಯಂನ ಸಂಕೇತ ಜೆಸಿಬಿ. ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಮತ್ತು ಅವರ ತಂಡ ಹಾಸನದ ಕಾಡು ಮೇಡು ಸುತ್ತಿ ತಂದ ಗಿಡಗಳ ನೆನಪು ಕಾಲೇಜಿನ ಹೆಸರಿನ ಆ ಮೂರು ಅಕ್ಷರದಲ್ಲಿದೆ.

ಕೋಡ್_ಬರೆಯೋ_ಕುಮಾರ
ಜೆಸಿಬಿ ಅಂದ್ರೆ ಮಣ್ಣು ಅಗೆಯೋದು ಅಂತ ಮಾತ್ರ ಗೊತ್ತಿತ್ತು. ಹರ್ಬೇರಿಯಂನಲ್ಲಿ ನಿಜವಾಗಿ ಏನು ಮಾಡ್ತೀರ? ಗಿಡ ಒಣಗಿಸಿ ಇಟ್ಟರೆ ಮುಗೀತಾ?

ಒಣಹೂವು
ಮುಗಿಯಲ್ಲ. ಗಿಡ ತಂದ ದಿನವೇ ಹಳೇ ಪೇಪರ್ ಮಧ್ಯೆ ಹರಡಬೇಕು. ಒಂದೆರಡು ಎಲೆ ಹಿಂಬದಿ ಕಾಣುವ ಹಾಗೆ ತಿರುಗಿಸಬೇಕು, ಯಾಕೆಂದರೆ ಎಷ್ಟೋ ಗುರುತು ಎಲೆಯ ಹಿಂದೆ ಇರುತ್ತೆ. ಹಲಗೆ ಬಿಗಿದು, ದಿನಾ ಪೇಪರ್ ಬದಲಿಸಬೇಕು. ಮಳೆಗಾಲದಲ್ಲಿ ಒಂದು ದಿನ ತಪ್ಪಿದರೆ ಎಲೆ ಕಪ್ಪಾಗಿ ಉದುರುತ್ತೆ. ಹೂವಿನ ಬಣ್ಣ ಹೋಗಿಬಿಡುತ್ತೆ, ಅದಕ್ಕೇ ಕಿತ್ತ ಜಾಗದಲ್ಲೇ ಬಣ್ಣ, ವಾಸನೆ, ಹಾಲು ಬರುತ್ತಾ, ಊರು, ತಾರೀಖು ಬರೆದುಕೊಳ್ಳಬೇಕು. ಲೇಬಲ್ ಇಲ್ಲದ ಹಾಳೆ ಬರೀ ಒಣ ಸೊಪ್ಪು. ನೂರು ವರ್ಷ ಹಿಂದಿನ ಲೇಬಲ್‌ನಲ್ಲಿ ಬೆಂಗಳೂರಿನ ಒಂದು ಕೆರೆಯ ಹೆಸರು ಓದಿ, ಆ ಜಾಗದಲ್ಲಿ ಈಗ ಏನಿದೆ ಅಂತ ನೆನೆಸಿಕೊಂಡರೆ ಕೈ ನಿಲ್ಲುತ್ತೆ.

ಕೋಡ್_ಬರೆಯೋ_ಕುಮಾರ
ಇದು ನನಗೆ ಗೊತ್ತೇ ಇರಲಿಲ್ಲ. ಸಿಸ್ಟರ್, ಎಂ.ಸಿ.ಎ. ಅಂದ ಮಾತು ವಾಪಸ್ ತಗೊಂಡೆ.

ಅಜ್ಜಿ_ತೋಟ
ಮರದ ಮಾತು ಬಂತಲ್ಲ, ಕೇಳ್ತೀನಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಜಯನಗರದಲ್ಲಿ ಗುಲಾಬಿ ಬಣ್ಣಕ್ಕೆ ಮರ ಪೂರ್ತಿ ಹೂವಾಗುತ್ತೆ, ಅದು ನಮ್ಮ ದೇಶದ್ದೇನಾ?

ಒಣಹೂವು
ಅದು ಟಬೂಬಿಯಾ ಅಮ್ಮ, ಅಮೆರಿಕಾ ಖಂಡದ ಬಿಸಿ ಪ್ರದೇಶದ್ದು. ಜಕರಂಡಾ ಕೂಡ ಆ ಕಡೆಯದೇ. ಗುಲ್‌ಮೊಹರ್ ಮಡಗಾಸ್ಕರಿನದು. ಒಂದಾದ ಮೇಲೆ ಒಂದು ಹೂ ಬಿಟ್ಟು ಊರು ವರ್ಷವಿಡೀ ಬಣ್ಣವಾಗಿ ಇರಲಿ ಅಂತ ಮರ ಹಾಕಿಸಿದವರು ಲಾಲ್‌ಬಾಗ್ ನೋಡಿಕೊಂಡಿದ್ದ ಕ್ರುಂಬಿಗಲ್. ಹಳೇ ಮರ ನೋಡಬೇಕು ಅಂದರೆ ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪಿಗೆ ಹೋಗಿ ಬನ್ನಿ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅದು, 2007ರಲ್ಲಿ ಘೋಷಣೆ ಆಯಿತು.

ರೈನ್_ನದಿ_ತೀರ
ವಿದೇಶದ ವಿಷಯ ಅವರು ಕೇಳಿಲ್ಲ, ಆದರೂ ಹೇಳ್ತೀನಿ. ನಾನು ಬೆಂಗಳೂರಲ್ಲೇ ಡಿಗ್ರಿ ಮುಗಿಸಿ ಜರ್ಮನಿಗೆ ಬಂದೆ. ಇಲ್ಲಿ ಬಾನ್, ಹೋಹೆನ್‌ಹೈಮ್ ಎರಡೂ ಕಡೆ ಬೆಳೆ ವಿಜ್ಞಾನದಲ್ಲಿ ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಇದೆ. ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಹೆಚ್ಚಾಗಿ ಇರೋದಿಲ್ಲ. ಆದರೆ ಹೋಹೆನ್‌ಹೈಮ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯುರೋ. ಫೀಸು ಇಲ್ಲ ಅಂತ ಖುಷಿಪಡುವ ಮೊದಲು ಕೇಳಿ: ವೀಸಾಗೆ ಒಂದು ವರ್ಷದ ಖರ್ಚು ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯುರೋ. ನಮ್ಮ ಅಂಕಪಟ್ಟಿ ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣಪತ್ರವೂ ಬೇಕು. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಪ್ಲಾಂಟ್ ಸೈನ್ಸಸ್ ಅಂತಲೇ ಎರಡು ವರ್ಷದ ಕೋರ್ಸ್ ಇದೆ, ಬಹಳ ಒಳ್ಳೆಯದು, ಆದರೆ ಫೀಸೇ ವರ್ಷಕ್ಕೆ ಸುಮಾರು 20 ಸಾವಿರ ಯುರೋ. ಸ್ಕಾಲರ್‌ಶಿಪ್ ಇಲ್ಲದೆ ಆಗದ ಮಾತು.

ರಾಗಿ_ಕಣಜ
ರಾಗಿ ರೋಗ ಕಲಿಯೋಕೆ ಜರ್ಮನಿಗೆ ಯಾಕೆ? ರಾಗಿ ಇರೋದು ಇಲ್ಲಿ, ರೋಗ ಇರೋದೂ ಇಲ್ಲಿ.

ರೈನ್_ನದಿ_ತೀರ
ಒಪ್ಪಲ್ಲ. ಅದೇ ಶಿಲೀಂಧ್ರದ ಬಳಗ ಭತ್ತಕ್ಕೂ ಗೋಧಿಗೂ ಬರುತ್ತೆ. ಅದರ ಮೇಲೆ ಇಲ್ಲಿ ನಡೆಯೋ ಕೆಲಸ ಕಲಿತು ಹೋಗಿ ರಾಗಿಗೆ ಉಪಯೋಗಿಸಬಹುದು. ಇಲ್ಲಿ ನನ್ನ ಥೀಸಿಸ್ ಆರು ತಿಂಗಳು ಪೂರ್ತಿ ಒಂದೇ ಕೆಲಸ. ಎಲ್ಲ ಉಪಕರಣವೂ ನನ್ನ ಕೈಗೇ ಕೊಟ್ಟರು.

ರಾಗಿ_ಕಣಜ
ನಮ್ಮಲ್ಲೂ ಕೊಡ್ತಾರೆ, ಕೇಳಿದರೆ. ಕೇಳದೆ ಕೂತವರಿಗೆ ಎಲ್ಲೂ ಸಿಗಲ್ಲ.

ಲ್ಯಾಬ್_ಕೋಟು
ಎಲ್ಲ ಕಡೆ ಕೊಡಲ್ಲ ಅಣ್ಣ. ನಾನು ಓದಿದ ಕಡೆ ಮುಖ್ಯ ಯಂತ್ರದ ರೂಮಿಗೆ ಬೀಗ. ಕೇಳಿದ್ದಕ್ಕೆ ಬೈಸಿಕೊಂಡಿದ್ದೆ. ಪ್ರಾಜೆಕ್ಟ್ ಅಂತ ಹೇಳಿ ಹೊರಗಿನ ಲ್ಯಾಬ್‌ಗೆ ದುಡ್ಡು ಕೊಟ್ಟು ಮಾಡಿಸಿದವರು ನಮ್ಮ ಬ್ಯಾಚ್‌ನಲ್ಲಿ ಅರ್ಧ ಜನ. ಅದಕ್ಕೇ ಹೇಳೋದು, ಸೇರುವ ಮೊದಲು ಹೋಗಿ ಸೀನಿಯರ್‌ಗಳನ್ನು ಕೇಳಬೇಕು. ಆಟೋಕ್ಲೇವ್ ನೀವೇ ಹಾಕ್ತೀರಾ, ಪಿಸಿಆರ್ (ಡಿಎನ್‌ಎ ನಕಲು ಮಾಡೋ ಪ್ರಯೋಗ) ನೀವೇ ಮಾಡ್ತೀರಾ, ಗೈಡ್ ವಾರಕ್ಕೆ ಎಷ್ಟು ಸಲ ಸಿಕ್ತಾರೆ. ವೆಬ್‌ಸೈಟ್‌ನಲ್ಲಿ ಎಲ್ಲ ಯಂತ್ರದ ಫೋಟೋ ಇರುತ್ತೆ, ಈ ಮೂರು ಮಾತು ಇರಲ್ಲ.

ಬಿತ್ತನೆ_ಬೀಜ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಹಳೇ_ಹಾಸ್ಟೆಲ್
ನಮ್ಮಲ್ಲಿ ಬೀಗ ಇರಲಿಲ್ಲ, ಆದರೆ ಯಂತ್ರ ಕೆಟ್ಟು ನಿಂತಿದ್ದು ಉಂಟು. ಆಗ ನಮ್ಮ ಮೇಡಂ ಪರಿಚಯದವರಿಗೆ ಫೋನ್ ಮಾಡಿ ಜಿಕೆವಿಕೆ ಕ್ಯಾಂಪಸ್ಸಿನ ಒಂದು ಲ್ಯಾಬ್‌ನಲ್ಲಿ ಹದಿನೈದು ದಿನ ಕೂರಿಸಿದರು. ಹೆಬ್ಬಾಳ ಫ್ಲೈಓವರ್ ಟ್ರಾಫಿಕ್‌ನಲ್ಲಿ ದಿನಾ ಎರಡು ಗಂಟೆ ಬಸ್ಸು. ಆ ಹದಿನೈದು ದಿನದಲ್ಲಿ ಕಲಿತದ್ದೇ ಈಗ ನನ್ನ ಊಟ. ಗೈಡ್ ಒಳ್ಳೆಯವರಿದ್ದರೆ ಕಟ್ಟಡ ಹಳೇದಾದರೂ ನಡೆಯುತ್ತೆ.

ಸಂಪಿಗೆ_ನೆರಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಅಪ್ಪನಿಗೂ ಫೋನಲ್ಲಿ ಓದಿ ಹೇಳಿದೆ. ಮೇಷ್ಟ್ರ ಮಾತು ಅವರಿಗೆ ಹಿಡಿಸಿತು. ಎಂ.ಎಸ್ಸಿ. ಆದ ಮೇಲೆ ಬಿ.ಎಡ್. ಬೇಕಾದರೆ ನೋಡೋಣ, ಈಗ ಓದು ಅಂದರು. ರಾಣೆಬೆನ್ನೂರು ಅಣ್ಣನ ಅಮ್ಮನ ಕಥೆಯನ್ನು ಮತ್ತೆ ಓದಿಸಿಕೊಂಡರು.

ಜ್ಞಾನಭಾರತಿ ಮತ್ತು ನಗರ ವಿವಿ ಎರಡಕ್ಕೂ ಬಾಟನಿಗೆ ಅರ್ಜಿ ಹಾಕ್ತೀನಿ. ಸೋಮವಾರ ಹೋಗಿ ಸೀನಿಯರ್‌ಗಳನ್ನು ಆ ಮೂರು ಪ್ರಶ್ನೆ ಕೇಳಿಕೊಂಡು ಬರ್ತೀನಿ. ಪ್ಯಾಥಾಲಜಿ ಯಾರು ನೋಡಿಕೊಳ್ತಾರೆ ಅಂತಲೂ ಕೇಳ್ತೀನಿ. ರಾಗಿ ಕಣಜ ಅಣ್ಣ, ಒಂದು ವಿಷಯ. ನಮ್ಮ ಮನೆ ಬೀಜ ಸ್ವಲ್ಪ ಮಡಕೆಯಲ್ಲಿ ಉಳಿದಿದೆ. ಅರ್ಧ ಹೊಲ ಹಾಳಾದಾಗಲೂ ಬದುವಿನ ಪಕ್ಕ ಒಂದು ಸಾಲು ಚೆನ್ನಾಗೇ ಇತ್ತು. ಅಮ್ಮ ಅದರ ತೆನೆ ಬೇರೆ ಕೊಯ್ದು ಗಂಟು ಕಟ್ಟಿ ಇಟ್ಟಿದ್ದಾರಂತೆ. ಇವತ್ತೇ ಗೊತ್ತಾಯಿತು.

ರಾಗಿ_ಕಣಜ
ಆ ಗಂಟು ಬಿಚ್ಚಬೇಡಿ ಅಂತ ಅಮ್ಮನಿಗೆ ಈಗಲೇ ಫೋನ್ ಮಾಡು. ಬದುವಿನ ಪಕ್ಕ ಗಾಳಿ ಬೆಳಕು ಜಾಸ್ತಿ, ಅದಕ್ಕೂ ತಪ್ಪಿಸಿಕೊಂಡಿರಬಹುದು. ಬಿತ್ತಿ ನೋಡದೆ ಏನೂ ಹೇಳೋಕಾಗಲ್ಲ. ಒಂದು ಹಿಡಿ ಬೀಜ ಸಾಕು. ಬಟ್ಟೆಯಲ್ಲೋ ಪೇಪರ್ ಕವರಲ್ಲೋ ಹಾಕು, ಪ್ಲಾಸ್ಟಿಕ್ ಬೇಡ. ಮೇಲೆ ಊರು, ಹೊಲ, ಯಾವ ವರ್ಷದ್ದು ಅಂತ ಬರೆದುಕೊಂಡು ಬಾ. ನಮ್ಮ ಮೇಡಂ ಹತ್ತಿರ ಕರ್ಕೊಂಡು ಹೋಗ್ತೀನಿ.

ಒಣಹೂವು
ಲೇಬಲ್ ಪೆನ್ಸಿಲ್ಲಿನಲ್ಲಿ ಬರಿ. ಇಂಕು ತೇವಕ್ಕೆ ಹರಡಿಬಿಡುತ್ತೆ.

ಸಂಪಿಗೆ_ನೆರಳು
ಸರಿ ಮೇಡಂ. ಶನಿವಾರ ಬೆಳಿಗ್ಗೆ ಬಸ್ಸಿಗೆ ಊರಿಗೆ ಹೊರಟೆ.